ಕಾಪುವಿನ ಕಡಲು, ನಾರ್ವೆಯ ಪಿಟೀಲು

ನಾರ್ವೆ ದೇಶದ ಬರ್ಗೆನ್ ಪಟ್ಟಣದವರೊಬ್ಬರನ್ನು ಆಟಿ ತಿಂಗಳಲ್ಲಿ ಉಡುಪಿಯ ರಥಬೀದಿಗೆ ತಂದು ನಿಲ್ಲಿಸಿದರೆ ಅವರು ಬೆರಗಾಗುವುದು ಮಳೆ ಕಂಡಲ್ಲ. ಮಳೆಯಲ್ಲೂ ಇಷ್ಟು ಸೆಖೆಯೇ ಎಂದು. ಬರ್ಗೆನ್ನಿನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು, ಪೇಟೆಯ ತುಂಬ ಮೀನಿನ ವ್ಯವಹಾರ. ಒಣಮೀನು, ಲಾಬ್‌ಸ್ಟರ್ ಮಾರಿ ಮೇಲೆ ಬಂದ ಅಲ್ಲಿನ ಒಂದು ಮನೆತನದಲ್ಲಿ 1843ರಲ್ಲಿ ಒಬ್ಬ ಹುಡುಗ ಹುಟ್ಟಿದ. ವ್ಯಾಪಾರ ಅವನಿಗೆ ಒಗ್ಗಲಿಲ್ಲ. ಹದಿನೈದರ ವಯಸ್ಸಿಗೆ ಸಂಗೀತ ಕಲಿಯಲು ಜರ್ಮನಿಗೆ ಹೋದ ಆತ ಎಡ್ವರ್ಡ್ ಗ್ರೀಗ್. ಇಂದು ಪಾಶ್ಚಾತ್ಯ ಸಂಗೀತ ಕೇಳುವವರಿಗೆ ನಾರ್ವೆ ಎಂದರೆ ಮೊದಲು ನೆನಪಾಗುವ ಹೆಸರು.

ಈತ ತಂತಿವಾದ್ಯಗಳ ಮೇಳಕ್ಕೆ ಬರೆದ ಸಂಗೀತವನ್ನು ಕಿವಿಯಲ್ಲಿಟ್ಟುಕೊಂಡು ಕಾಪು, ಉಡುಪಿ, ಮಣಿಪಾಲ, ಕಾರ್ಕಳಗಳನ್ನು ಒಂದು ಸುತ್ತು ಹಾಕಿದರೆ ಗೊತ್ತಿರುವ ಊರುಗಳೇ ಬೇರೆಯಾಗಿ ಕೇಳಿಸತೊಡಗುತ್ತವೆ. ಕಾರಣ ಇಷ್ಟೆ. ಗದ್ದೆಯಲ್ಲಿ, ಗುಡ್ಡದಲ್ಲಿ, ಜಾತ್ರೆಯಲ್ಲಿ ಹುಟ್ಟಿದ ಹಾಡನ್ನು ರಂಗದ ಮೇಲೆ ತರುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅಲ್ಲಿ ನೂರೈವತ್ತು ವರ್ಷಗಳ ಹಿಂದೆ ಎದ್ದಿತ್ತು. ಇಲ್ಲಿ ಅದು ಇನ್ನೂ ಮುಗಿದಿಲ್ಲ.

ರೈತರ ಪಿಟೀಲು

ನಾರ್ವೆ ಸುಮಾರು ನಾನೂರು ವರ್ಷ ಡೆನ್ಮಾರ್ಕಿನ ಅಧೀನದಲ್ಲಿತ್ತು. 1814ರಿಂದ 1905ರವರೆಗೆ ಸ್ವೀಡನ್ನಿನ ಅರಸನೇ ಅದಕ್ಕೂ ಅರಸ. ಓದಿದವರು ಬರೆಯುತ್ತಿದ್ದುದು ಡ್ಯಾನಿಶ್ ಭಾಷೆ, ಕೇಳುತ್ತಿದ್ದುದು ಜರ್ಮನಿಯ ಸಂಗೀತ. ತಮ್ಮದೇ ಎನ್ನುವಂಥದ್ದು ಉಳಿದಿದ್ದದ್ದು ಕಣಿವೆಯ ಹಳ್ಳಿಗಳಲ್ಲಿ, ರೈತರ ಕೈಯಲ್ಲಿದ್ದ ಹಾರ್ಡಾಂಗರ್ ಪಿಟೀಲಿನಲ್ಲಿ. ಈ ಪಿಟೀಲಿಗೆ ಬಿಲ್ಲು ತಾಗುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿಗಳಿರುತ್ತವೆ. ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಮೇಲಿನವು ನುಡಿದಾಗ ತಾವಾಗಿಯೇ ಗುನುಗುತ್ತವೆ. ನಮ್ಮ ಸಿತಾರಿನ ತರಬ್ ತಂತಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಕುದುರೆ ಚಪ್ಪಟೆಯಾಗಿರುವುದರಿಂದ ಎರಡು ತಂತಿಗಳು ಒಟ್ಟಿಗೆ ನುಡಿಯುತ್ತವೆ. ಒಂದರ ಮೇಲೆ ರಾಗ, ಇನ್ನೊಂದರ ಮೇಲೆ ಶ್ರುತಿ. ಮಧ್ಯಮ ಸ್ವರ ತುಸು ಮೇಲಕ್ಕೇರಿ ಪ್ರತಿಮಧ್ಯಮದ ಕಡೆ ವಾಲುತ್ತದೆ, ಆದರೆ ಅಲ್ಲಿಗೂ ಪೂರ್ತಿ ತಲುಪುವುದಿಲ್ಲ. ಪಿಯಾನೋದ ಬಿಳಿ ಕಪ್ಪು ಮನೆಗಳಲ್ಲಿ ಆ ಸ್ವರಕ್ಕೆ ಜಾಗವೇ ಇಲ್ಲ.

ಜಲಪಾತದ ಹಿಂದೆ ಇರುವ ನೀರಭೂತವೊಂದು ಈ ವಾದ್ಯ ಕಲಿಸುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿತ್ತು. ಗುರುದಕ್ಷಿಣೆಯಾಗಿ ಒಳ್ಳೆಯ ಮಾಂಸದ ತುಂಡು ಕೊಡಬೇಕು. ಕೊಟ್ಟದ್ದು ಕಡಿಮೆಯಾದರೆ ವಿದ್ಯೆಯೂ ಅರ್ಧಕ್ಕೇ ನಿಲ್ಲುತ್ತದಂತೆ. ಮಡಿವಂತ ಕ್ರೈಸ್ತ ಉಪದೇಶಕರಿಗೆ ಇದು ಹಿಡಿಸಲಿಲ್ಲ. ಪಿಟೀಲು ಸೈತಾನನ ವಾದ್ಯ ಎಂದು ಸಾರಿದರು. ಎಷ್ಟೋ ಪಿಟೀಲುಗಳು ಬೆಂಕಿಗೆ ಬಿದ್ದವು. ಭೂತಕ್ಕೆ ಕೋಲ ಕೊಟ್ಟು, ವಾದ್ಯ ನುಡಿಸಿ, ಹಾಡಿ ಕರೆಯುವ ತುಳುನಾಡಿನವರಿಗೆ ಈ ಕತೆ ಕೇಳಿ ನಗು ಬಂದರೂ ಬರಬಹುದು.

ಇಂಥ ಹೊತ್ತಿನಲ್ಲಿ ಕೆಲವರು ಹಳ್ಳಿಗಳತ್ತ ತಿರುಗಿದರು. ಲಿಂಡೆಮಾನ್ ಎಂಬ ಆರ್ಗನ್ ವಾದಕ ಊರೂರು ಅಲೆದು ಬೆಟ್ಟದ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆದುಕೊಂಡು 1853ರಿಂದ ಪ್ರಕಟಿಸತೊಡಗಿದ. ಆ ಸಂಗ್ರಹದ ಒಂದು ಹಾಡು, ಬೆಟ್ಟದ ಹುಲ್ಲುಗಾವಲಿನಿಂದ ದನಗಳನ್ನು ಕರೆಯುವ ಕೂಗು. ಗ್ರೀಗ್ ಅದನ್ನು ಮೊದಲು ಪಿಯಾನೋಗೆ ಹೊಂದಿಸಿದ. ಕಾಲು ಶತಮಾನದ ನಂತರ, 1895ರಲ್ಲಿ, ಹಳ್ಳಿಯ ಕುಣಿತವೊಂದರ ಜೊತೆ ಸೇರಿಸಿ ತಂತಿವಾದ್ಯಗಳ ಮೇಳಕ್ಕೆ ಮತ್ತೆ ಬರೆದ. ತಂತಿವಾದ್ಯಗಳ ಮೇಳವೆಂದರೆ ಪಿಟೀಲಿನ ಎರಡು ತಂಡ, ಅದಕ್ಕಿಂತ ದಪ್ಪ ದನಿಯ ವಯೋಲಾ, ಮಂದ್ರದ ಚೆಲೊ, ಆಳೆತ್ತರದ ಡಬಲ್ ಬೇಸ್. ಊದುವ ವಾದ್ಯವಿಲ್ಲ, ಚರ್ಮವಾದ್ಯವಿಲ್ಲ. ಹಾಗಿದ್ದೂ ಆ ಕುಣಿತದಲ್ಲಿ ಹಲಗೆಯ ಮೇಲೆ ಕಾಲು ಬಡಿದ ಸದ್ದು ಕೇಳುತ್ತದೆ. ದನ ಕರೆಯುವ ಕೂಗು ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಹೋಗಿ ತಡವಾಗಿ ತಿರುಗಿ ಬಂದಂತಿರುತ್ತದೆ. ಪಿಯಾನೋದಲ್ಲಿ ಕೊಂಚ ಬಿಗಿದುಕೊಂಡಿದ್ದ ರಾಗ ಇಲ್ಲಿ ಉಸಿರಾಡುತ್ತದೆ.

ಅವನ ತಂತಿವಾದ್ಯ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ‘ಹೋಲ್ಬರ್ಗನ ಕಾಲದಿಂದ’. ಬರ್ಗೆನ್ನಿನಲ್ಲೇ ಹುಟ್ಟಿದ ನಾಟಕಕಾರ ಹೋಲ್ಬರ್ಗನ 200ನೇ ಜನ್ಮವರ್ಷಕ್ಕೆಂದು 1884ರಲ್ಲಿ ಪಿಯಾನೋಗೆ ಬರೆದು, ಮರುವರ್ಷ ತಂತಿಗಳಿಗೆ ಹೊಂದಿಸಿದ್ದು. ಐದು ಭಾಗಗಳ ಈ ಕೃತಿಯ ಹೊರಮೈ ಹಳೆಯ ಫ್ರೆಂಚ್ ಆಸ್ಥಾನದ ಕುಣಿತಗಳದ್ದು. ಆದರೆ ಕೊನೆಯ ಭಾಗದಲ್ಲಿ ಒಂದು ಪಿಟೀಲು, ಒಂದು ವಯೋಲಾ ಮುಂದೆ ಬಂದು ಮಾತಿಗೆ ಮಾತು ಕೊಡತೊಡಗಿದಾಗ ಅರಮನೆ ಮರೆತುಹೋಗುತ್ತದೆ. ಹಳ್ಳಿಯ ಮದುವೆಮನೆಗೆ ಬಂದ ಇಬ್ಬರು ವಾದಕರು ಕಣ್ಣಿಗೆ ಕಟ್ಟುತ್ತಾರೆ.

ಇದೆಲ್ಲಕ್ಕಿಂತ ದೊಡ್ಡ ಸಂಗತಿ ಒಂದು ಕಾಗದ. 1888ರಲ್ಲಿ ಟೆಲೆಮಾರ್ಕ್ ಎಂಬ ಪ್ರಾಂತದ ಹಳ್ಳಿಯ ಪಿಟೀಲುಗಾರ ಕ್ನೂಟ್ ಡಾಲೆ ಗ್ರೀಗ್‌ಗೆ ಪತ್ರ ಬರೆದ. ತನಗೆ ಹಳಬರಿಂದ ಬಂದ ಕುಣಿತದ ರಾಗಗಳು ತನ್ನೊಂದಿಗೇ ಮಣ್ಣಾಗುತ್ತವಲ್ಲ, ಬರೆದಿಟ್ಟುಕೊಳ್ಳುವವರು ಯಾರಾದರೂ ಉಂಟೇ ಎಂಬುದು ಅವನ ಚಿಂತೆ. ಕೆಲಸವಾಗಲು ಹದಿಮೂರು ವರ್ಷ ಹಿಡಿಯಿತು. 1901ರಲ್ಲಿ ಗ್ರೀಗ್‌ನ ಮಾತಿನಂತೆ ಪಿಟೀಲು ವಿದ್ವಾಂಸ ಯೊಹಾನ್ ಹಾಲ್ವರ್ಸೆನ್ ಮುದುಕನನ್ನು ಎದುರು ಕೂರಿಸಿಕೊಂಡು 17 ರಾಗಗಳನ್ನು ಬರೆದುಕೊಂಡ. ಗ್ರೀಗ್ ಅವುಗಳನ್ನು ಪಿಯಾನೋಗೆ ಹೊಂದಿಸಿ 1903ರಲ್ಲಿ ಪ್ರಕಟಿಸುವಾಗ ಹಾಲ್ವರ್ಸೆನ್ ಬರೆದ ಮೂಲ ಪಿಟೀಲಿನ ಪಾಠವೂ ಜೊತೆಯಲ್ಲೇ ಅಚ್ಚಾಯಿತು. ‘ನಾನು ಮಾಡಿದ್ದು ಇದು, ಮುದುಕ ನುಡಿಸಿದ್ದು ಅದು’ ಎಂದು ಎರಡನ್ನೂ ತೆರೆದಿಟ್ಟಂತಾಯಿತು. ನಾಡಹಾಡನ್ನು ಎತ್ತಿಕೊಂಡ ಎಷ್ಟು ಸಂಗೀತಗಾರರು ಇಷ್ಟು ಪ್ರಾಮಾಣಿಕರಾಗಿದ್ದಾರೆ?

ಕಾಪುವಿನ ದಡದಲ್ಲಿ

ಉಡುಪಿಯಿಂದ ತೆಂಕಣಕ್ಕೆ ಸುಮಾರು 13 ಕಿಲೋಮೀಟರ್ ದೂರದ ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ನಿಂತಿದೆ. ಕ್ನೂಟ್ ಡಾಲೆಯ ರಾಗಗಳು ಕಾಗದಕ್ಕಿಳಿದದ್ದೂ ಅದೇ ವರ್ಷ ಎಂಬುದು ಬರಿಯ ಕಾಕತಾಳೀಯ. ಆದರೆ ಈ ಕಡಲಿಗೂ ನಾರ್ವೆಗೂ ನಿಜವಾದ ನಂಟೊಂದಿದೆ. ಅದು ಸಂಗೀತದ್ದಲ್ಲ, ಮೀನಿನದ್ದು. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆಗಳ ನಡುವೆ ಆದ ಒಪ್ಪಂದದಂತೆ ಕೇರಳದ ನೀಂಡಕರೆಯಲ್ಲಿ ಮೀನುಗಾರಿಕೆ ಯೋಜನೆ ಶುರುವಾಯಿತು. ಮುಂದೆ ಕಾರವಾರಕ್ಕೂ ಬಂತು. ಎಂಜಿನ್ ದೋಣಿ, ಮಂಜುಗಡ್ಡೆ, ಹೊಸ ಬಲೆಗಳ ಕಾಲ ಪಶ್ಚಿಮ ಕರಾವಳಿಯಲ್ಲಿ ಹೀಗೆ ಆರಂಭವಾಯಿತು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದ ಮೇಲೆ ರಂಪಣಿಯ ದಿನಗಳು ಮುಗಿಯುತ್ತ ಬಂದವು.

ರಂಪಣಿ ಎಂದರೆ ಬರೀ ಬಲೆಯಲ್ಲ, ಒಂದು ಊರು. ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧವೃತ್ತವಾಗಿ ಹರಡಿದ ಬಲೆಯ ಎರಡು ತುದಿಗಳನ್ನು ದಡದಿಂದ ಹತ್ತಾರು ಮಂದಿ ಎಳೆಯಬೇಕು. ಎಲ್ಲರ ತೋಳು ಒಂದೇ ಕ್ಷಣಕ್ಕೆ ಬಿಗಿಯಬೇಕು. ಒಬ್ಬ ಕೂಗುತ್ತಾನೆ, ಉಳಿದವರು ಓಗೊಡುತ್ತಾರೆ. ಬಂಗುಡೆ, ಬೂತಾಯಿ ದಡ ಸೇರುತ್ತವೆ. ಆ ಕೂಗು ಸಂಗೀತವೆಂದು ಕೂಗಿದವರಾರೂ ತಿಳಿದಿರಲಿಲ್ಲ. ದನ ಕರೆದ ನಾರ್ವೆಯ ಹೆಂಗಸರೂ ತಿಳಿದಿರಲಾರರು. ಯಂತ್ರ ಬೇಡವಾಗಿತ್ತೆಂದು ದಡದಲ್ಲಿ ನಿಂತು ಹೇಳುವುದು ಸುಲಭ. ಎಳೆದು ಎಳೆದು ಅಂಗೈ ಸುಲಿದವರು ಹಾಗೆ ಹೇಳುವುದಿಲ್ಲ. ಆದರೆ ಕೆಲಸ ಹೋದಾಗ ಅದರ ಹಾಡೂ ಹೋಯಿತು ಎನ್ನುವುದಂತೂ ನಿಜ. ಗದ್ದೆಗೆ ನಾಟಿ ಯಂತ್ರ ಇಳಿದ ಮೇಲೆ ‘ಓಬೇಲೆ’ ಹಾಡುವ ಹೆಂಗಸರ ಸಾಲಿನ ಗತಿಯೂ ಇದೇ.

ಕಡಲಿನಿಂದ ಪೇಟೆಗೆ ಬಂದರೆ ಮಾರಿಗುಡಿಗಳು. ಸುಗ್ಗಿಯ ಮಾರಿಪೂಜೆಗೆ ಹತ್ತೂರ ಜನ ಸೇರುತ್ತಾರೆ. ಇಲ್ಲಿನ ಗುಡಿಗಳಲ್ಲಿ, ದೈವಸ್ಥಾನಗಳಲ್ಲಿ ವಾದ್ಯ ನುಡಿಸುವುದು ಸೇರಿಗಾರರ ಕುಲವೃತ್ತಿ. ನಾಗಸ್ವರವಿದ್ದ ಕಡೆ ಈಗ ಹೆಚ್ಚಾಗಿ ಕಾಣುವುದು ಹೊಳೆಯುವ ಸ್ಯಾಕ್ಸೊಫೋನ್. ಇದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಜಗತ್ತಿಗೆ ಕೇಳಿಸಿದ ಕದ್ರಿ ಗೋಪಾಲನಾಥ್ (1949–2019) ನಾಗಸ್ವರ ವಾದಕರ ಮಗ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದವರು. ಅರಮನೆಯ ಮಾತು ಬಂದದ್ದರಿಂದ ಇನ್ನೊಂದು ನಾರ್ವೆ ನಂಟನ್ನೂ ಹೇಳಿಬಿಡಬಹುದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲು ಕೇಳಿಸಿದ್ದು 1950ರ ಮೇ 22ರಂದು ಲಂಡನ್ನಿನಲ್ಲಿ. ಹಾಡಿದಾಕೆ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ಖರ್ಚಿನ ಹೊಣೆ ಹೊತ್ತವರು ಮೈಸೂರಿನ ಜಯಚಾಮರಾಜ ಒಡೆಯರು.

ಭಾಗವತರ ಪಕ್ಕದಲ್ಲಿ ಪಿಟೀಲು

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸು ಇಂದ್ರಾಳಿಯಲ್ಲಿ ನಿಲ್ಲುತ್ತದೆ. ಯಕ್ಷಗಾನ ಕೇಂದ್ರ ಇರುವುದು ಇಲ್ಲಿ. 1971ರಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಇದು ಹುಟ್ಟಿದಾಗ ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಸಂಘಟನೆ ಹಾಗೂ ಶಿವರಾಮ ಕಾರಂತರ ಕಲ್ಪನೆ ಒಂದಾಗಿದ್ದವು. ಶಾಲೆಗೆ ಹೋಗುವ ಹುಡುಗರು ಇಲ್ಲೇ ಉಳಿದು ಹೆಜ್ಜೆ, ತಾಳ, ಬಣ್ಣಗಾರಿಕೆ ಕಲಿಯುವ ಗುರುಕುಲದ ಪದ್ಧತಿ ಈ ಕೇಂದ್ರದ್ದು. ಮಗನನ್ನು ಯಕ್ಷಗಾನಕ್ಕೆ ಬಿಟ್ಟರೆ ಓದು ಹಾಳಾದೀತೆಂದು ಅಂಜುವ ತಂದೆತಾಯಿಗಳು ಒಮ್ಮೆ ಹೋಗಿ ನೋಡಬೇಕು.

ಕಾರಂತರು ಯಕ್ಷಗಾನವನ್ನು ಪುಸ್ತಕ ಬರೆದಷ್ಟಕ್ಕೇ ಬಿಟ್ಟವರಲ್ಲ. ಹಳೆಯ ತಾಳೆಗರಿಗಳನ್ನು ಹುಡುಕಿ, ಮುದಿ ಭಾಗವತರ ಮುಂದೆ ಕುಳಿತು, ಯಕ್ಷಗಾನಕ್ಕೆ ತನ್ನದೇ ರಾಗಗಳಿವೆ, ಅವು ಕರ್ನಾಟಕ ಸಂಗೀತದ ನೆರಳಲ್ಲಿ ಕರಗಿಹೋಗಬಾರದು ಎಂದು ವಾದಿಸಿದವರು. ಅದೇ ಮನುಷ್ಯ ತಮ್ಮ ಪ್ರಯೋಗದಲ್ಲಿ ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು, ಮಾತನ್ನು ಕಿತ್ತುಹಾಕಿದರು, ಚಂಡೆ, ಮದ್ದಲೆಗಳ ಪಕ್ಕದಲ್ಲಿ ಪಿಟೀಲು, ಸ್ಯಾಕ್ಸೊಫೋನ್ ತಂದು ಕೂರಿಸಿದರು. ಕರಾವಳಿ ಸುಮ್ಮನಿರಲಿಲ್ಲ. ಅರ್ಥಗಾರಿಕೆ ಇಲ್ಲದ ಯಕ್ಷಗಾನ ಯಕ್ಷಗಾನವೇ? ಭಾಗವತರ ಕಂಠಕ್ಕೆ ಸೀಮೆಯ ವಾದ್ಯವೇಕೆ? ಈ ಜಗಳ ಚಹಾದಂಗಡಿಯಿಂದ ಪತ್ರಿಕೆಗಳವರೆಗೆ ನಡೆಯಿತು.

ಮಾತನ್ನು ತೆಗೆದದ್ದರ ಬಗ್ಗೆ ಆಕ್ಷೇಪಿಸಿದವರ ಕಡೆ ನ್ಯಾಯವಿದೆ. ತೆಂಕಿರಲಿ, ಬಡಗಿರಲಿ, ಆಶುವಾಗಿ ಹುಟ್ಟುವ ಮಾತು ಯಕ್ಷಗಾನದ ಅರ್ಧ ಜೀವ. ಪಿಟೀಲಿನ ವಿಷಯ ಬೇರೆ. ಹಾರ್ಮೋನಿಯಂನ ಮನೆಗಳು ಒಂದೆಡೆ ನಿಂತ ಸ್ವರಗಳು. ಭಾಗವತರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಅದು ಹಿಂಬಾಲಿಸಲಾರದು. ಪಿಟೀಲಿಗೆ ಮನೆಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ನಿಂತೀತು. ಗ್ರೀಗ್‌ನ ಹಾಡುಗಳು ಪಿಯಾನೋಗಿಂತ ತಂತಿಗಳಲ್ಲಿ ಬದುಕಿಕೊಂಡದ್ದೂ ಈ ಕಾರಣಕ್ಕೇ ಅಲ್ಲವೇ? ಪಿಟೀಲು ಸೀಮೆಯದ್ದೆಂಬ ಮಾತಿಗಂತೂ ಅರ್ಥವಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ಕೈಗೆತ್ತಿಕೊಂಡು ಇನ್ನೂರು ವರ್ಷಗಳಾದವು.

ಕಾರಂತರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಅವರ ಪ್ರಯೋಗಕ್ಕೆ ಹೆದರಿದವರು ಊಹಿಸಿದಂತೆ ಬಯಲಾಟ ಅಳಿಯಲಿಲ್ಲ. ಮೇಳಗಳು ಹರಕೆಯ ಆಟಗಳನ್ನು ಆಡುತ್ತಲೇ ಇವೆ. ಇದೇ ಮುಖ್ಯ. ಹೊಸತರ ಪಕ್ಕದಲ್ಲಿ ಹಳತು ಕೇಳಲು ಸಿಗುತ್ತಿರುವಷ್ಟು ಕಾಲ ಯಾವ ಪ್ರಯೋಗವೂ ಅಪಾಯಕಾರಿಯಲ್ಲ.

ಮೂಲವೇ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನು ಕಾಣಲು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಬೇಕು. ಬ್ಯಾಂಕ್ ಉದ್ಯೋಗದಲ್ಲಿದ್ದ ವಿಜಯನಾಥ ಶೆಣೈ (1934–2017) ಕೆಡವಲು ಹೊರಟ ಹಳೆಯ ಮನೆಗಳನ್ನು ನಾಡಿನ ಹಲವೆಡೆಯಿಂದ ತೊಲೆ, ಕಂಬ, ಬಾಗಿಲು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ತರದಿದ್ದರೆ ಅವು ಸೌದೆಯಾಗುತ್ತಿದ್ದವು. ಕಂಬದ ಕೆತ್ತನೆ ಹಾಗೇ ಇದೆ, ಪಡಸಾಲೆಯ ತಂಪು ಹಾಗೇ ಇದೆ. ಅಡುಗೆಮನೆಯಲ್ಲಿ ಹೊಗೆ ಮಾತ್ರ ಇಲ್ಲ. ಶೆಣೈ ಮಾಡಿದ್ದು ಮಹಾಕಾರ್ಯ. ಆದರೂ ಅಲ್ಲಿಂದ ಹೊರಬರುವಾಗ ಮನಸ್ಸು ಸ್ವಲ್ಪ ಭಾರವಾಗುತ್ತದೆ.

ಮದ್ದಲೆ, ಪಾಡ್ದನ

ಮಣಿಪಾಲದಿಂದ ಪರ್ಕಳ, ಆತ್ರಾಡಿ ದಾಟಿ ಕಾರ್ಕಳದ ದಾರಿ ಹಿಡಿದರೆ ಸಿಗುವ ಹಿರಿಯಡಕ, ಮದ್ದಲೆಯ ಗೋಪಾಲ ರಾಯರ ಊರು. 1919ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರು ನೂರು ವರ್ಷ ದಾಟಿ ಬದುಕಿದವರು. ಏರುಶ್ರುತಿಯ ಮದ್ದಲೆಯನ್ನು ಬಳಕೆಗೆ ತಂದದ್ದು ಅವರೇ. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್‌ಗೆ ಯಕ್ಷಗಾನ ಕಲಿಸಿ, ಆಕೆ ಅದರ ಬಗ್ಗೆ ಗ್ರಂಥ ಬರೆಯುವಂತಾದದ್ದೂ ಅವರಿಂದ. ಕೇಳುವವರು ಹುಡುಕಿಕೊಂಡು ಬಂದರು, ಅವರು ಧಾರಾಳವಾಗಿ ಕೊಟ್ಟರು. ಕ್ನೂಟ್ ಡಾಲೆಯಂತೆ ಕಾಗದ ಬರೆದು ಕಾಯುವ ಪಾಡು ಬರಲಿಲ್ಲ.

ಕಾರ್ಕಳದಲ್ಲಿ ಪ್ರವಾಸಿಗರೆಲ್ಲ ಹತ್ತುವುದು ಬೆಟ್ಟದ ಮೇಲಿನ ಗೊಮ್ಮಟನಲ್ಲಿಗೆ. 1432ರಲ್ಲಿ ಭೈರರಸ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ ನೋಡತಕ್ಕದ್ದೇ. ಆದರೆ ಕೇಳತಕ್ಕದ್ದು ಇರುವುದು ಅದೇ ತಾಲೂಕಿನ ನಂದಳಿಕೆಯಲ್ಲಿ. ಕವಿ ಮುದ್ದಣ (1870–1901) ಹುಟ್ಟಿದ ಊರದು. ಆತ ಯಕ್ಷಗಾನ ಪ್ರಸಂಗಗಳನ್ನೂ ಬರೆದವನೆಂಬುದನ್ನು ಶಾಲೆಯ ಪಾಠಗಳು ಎಷ್ಟೋ ಬಾರಿ ಮರೆಯುತ್ತವೆ. ಬೇಸಗೆಯ ಹುಣ್ಣಿಮೆಯೊಂದರ ರಾತ್ರಿ ಅಲ್ಲಿ ಸಿರಿಜಾತ್ರೆ. ಹೆಂಗಸರು ಸಾಲಾಗಿ ನಿಂತು, ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು, ಆವೇಶ ಬಂದಾಗ ಸಿರಿಯ ಪಾಡ್ದನ ಹಾಡುತ್ತಾರೆ. ಕುಮಾರ ಕರೆಯುತ್ತಾನೆ, ಅವರು ಓಗೊಡುತ್ತಾರೆ. ಮೋಸ ಮಾಡಿದ ಗಂಡ ಕಾಂತು ಪೂಂಜನನ್ನು ಬಿಟ್ಟು ನಡೆದ ಸಿರಿಯ ಕತೆ, ಅವಳ ಮಗಳು ಸೊನ್ನೆಯ ಕತೆ, ಚೆನ್ನೆಮಣೆಯ ಆಟದಲ್ಲಿ ಜಗಳಾಡಿದ ಅವಳಿಗಳಾದ ಅಬ್ಬಗ ದಾರಗರ ಕತೆ. ಪಕ್ಕವಾದ್ಯ ಬೇಕಿಲ್ಲ. ಒಬ್ಬೊಬ್ಬಳ ಶ್ರುತಿ ಒಂದೊಂದು, ಆದರೂ ಕೂಡಿದಾಗ ಅದು ಗದ್ದಲವೆನಿಸುವುದಿಲ್ಲ. ಕಡಲಿನ ಮೊರೆತದಂತೆ ಒಂದರ ಮೇಲೊಂದು ಬಂದು ಬೀಳುತ್ತದೆ. ಪಾಶ್ಚಾತ್ಯ ಸಂಗೀತಗಾರನೊಬ್ಬ ಇದನ್ನು ಕೇಳಿದರೆ ಎಷ್ಟು ಪಿಟೀಲುಗಳಿಗೆ ಹಂಚಬೇಕೆಂದು ಲೆಕ್ಕ ಹಾಕಿಯಾನು.

ಕೇಳಲು ಬಂದವರು ಸಂಗೀತಗಾರರಲ್ಲ, ನಾರ್ವೆಯ ನೆರೆಯ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ. ಉಡುಪಿಯೊಂದಿಗೆ ಅವರಿಗೆ 1980ರ ದಶಕದಿಂದಲೇ ಸಂಪರ್ಕವಿತ್ತು. 1990ರ ಡಿಸೆಂಬರ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ದಿನಗಟ್ಟಲೆ ಹಾಡಿದ ಸಿರಿ ಪಾಡ್ದನವನ್ನು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಅವರು ಧ್ವನಿಮುದ್ರಿಸಿದರು. 15,683 ಸಾಲುಗಳು. ತುಳು ಮೂಲ ಒಂದು ಕಡೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆಯಾಗಿ 1998ರಲ್ಲಿ ಹೆಲ್ಸಿಂಕಿಯಿಂದ ಅದು ಅಚ್ಚಾಗಿ ಬಂತು. ಹಾಡಿದವರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇದೆ.

ಪದಗಳು ಹೀಗೆ ಭದ್ರವಾದವು. ಧಾಟಿ ಹಾಗಲ್ಲ, ಅದು ಕಿವಿಯಿಂದ ಕಿವಿಗೇ ಹೋಗಬೇಕು. ರಜೆಯಲ್ಲಿ ಊರಿಗೆ ಹೋದ ಮಕ್ಕಳು ಗದ್ದೆ ನೆಟ್ಟು ಗೊತ್ತಿರುವ ಅಜ್ಜಿಯರನ್ನು ಕೇಳಿ ನೋಡಬಹುದು. ಮೊದಲು ಮರೆತುಹೋಗಿದೆ ಎನ್ನುತ್ತಾರೆ. ಒಂದು ಸಾಲು ಬಂದರೆ ಉಳಿದವು ಹಿಂದೆಯೇ ಬರುತ್ತವೆ. ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವುದಾದರೆ ಅವರ ಒಪ್ಪಿಗೆ ಪಡೆದು, ಹೆಸರು, ಊರು, ದಿನಾಂಕ, ಯಾವ ಕೆಲಸದ ಹಾಡು ಎಂಬುದನ್ನೂ ಬರೆದಿಡಬೇಕು. ನಂದಳಿಕೆಗೆ ಹೋಗುವವರು ಕಾರ್ಕಳ–ಪಡುಬಿದ್ರಿ ರಸ್ತೆಯ ಬೆಳ್ಮಣ್ಣಿನ ಕಡೆಯಿಂದ ಹೋಗಬಹುದು. ಜಾತ್ರೆ ಪ್ರದರ್ಶನವಲ್ಲ, ಹರಕೆ. ಕ್ಯಾಮರಾ ಚೀಲದಲ್ಲೇ ಇರಲಿ. ಹಾಡು ಕಳೆಗಟ್ಟುವುದು ರಾತ್ರಿ ಏರಿದ ಮೇಲೆ.